ವಸ್ತುಸಂಗ್ರಹಾಲಯಗಳ ಸಂಜೆಕೂಟ

ಹಗಲು ಹೊತ್ತು ಶಾಲೆಯ ಮಕ್ಕಳಿಗೂ ಪ್ರವಾಸಿಗಳಿಗೂ ತೆರೆದಿದ್ದು, ಸಂಜೆಯಾಗುತ್ತಲೆ ಬೀಗ ಬೀಳುತ್ತಿದ್ದ ವಸ್ತುಸಂಗ್ರಹಾಲಯಗಳು ಈಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಪಶ್ಚಿಮ ದೇಶಗಳ ದೊಡ್ಡ ಪಟ್ಟಣಗಳಲ್ಲಿ ರಾತ್ರಿಯ ಹೊತ್ತಿಗೂ ಬಾಗಿಲು ತೆರೆಯತೊಡಗಿವೆ. ಈ ಸಂಜೆಗಳಿಗೆ ಒಂದು ವಿಶೇಷವುಂಟು. ಪ್ರಾಪ್ತವಯಸ್ಕರಿಗೆ ಮಾತ್ರ ಪ್ರವೇಶ. ಪ್ರತಿ ಸಂಜೆಗೂ ಒಂದೊಂದು ವಿಷಯ ಗೊತ್ತು. ಉಪನ್ಯಾಸ, ಪ್ರಯೋಗ, ಸಂಗೀತ, ನರ್ತನ, ಇವುಗಳ ಜೊತೆಗೆ ಮದ್ಯಪಾನಕ್ಕೂ ಅವಕಾಶ. ಇದನ್ನು ಕೆಲವರು ಜ್ಞಾನಪ್ರಸಾರದ ಹೊಸ ಮಾರ್ಗವೆಂದು ಹೊಗಳುತ್ತಾರೆ; ಕೆಲವರು ಸರಸ್ವತಿಯ ಗುಡಿಯಲ್ಲಿ ಸೆರೆಯಂಗಡಿಯನ್ನಿಟ್ಟಂತಾಯಿತೆಂದು ಹಳಿಯುತ್ತಾರೆ. ಎರಡು ಮಾತುಗಳನ್ನೂ ತೂಗಿನೋಡುವುದು ಅವಶ್ಯಕ. ಸಾರ್ವಜನಿಕರ ಆಸ್ತಿಯಾದ ಸಂಗ್ರಹಗಳು ಯಾರಿಗಾಗಿ, ಯಾವ ಹೊತ್ತಿನಲ್ಲಿ, ಯಾವ ಕಟ್ಟುಪಾಡಿನ ಮೇಲೆ ತೆರೆದಿರಬೇಕೆಂಬ ಪ್ರಶ್ನೆ ಇದರಲ್ಲಿ ಅಡಗಿದೆ. ಆ ಪ್ರಶ್ನೆ ನಮ್ಮನ್ನೂ ಬಿಟ್ಟುದಲ್ಲ.

ಮೊದಲು ಈ ಸಂಜೆಗಳ ಸ್ವರೂಪವನ್ನು ತಿಳಿಯೋಣ. ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ ತಿಂಗಳ ಕೊನೆಯ ಬುಧವಾರ, ಹದಿನೆಂಟು ವರ್ಷ ತುಂಬಿದವರಿಗೆಂದೇ ಏರ್ಪಟ್ಟ ಸಂಜೆಕೂಟಗಳು ಬಹು ಜನಪ್ರಿಯವಾದುವು. ಹಳೆಯ ಉಗಿಯಂತ್ರಗಳ ನಡುವೆ ವಿಜ್ಞಾನಿಗಳ ಭಾಷಣ ಒಂದು ಕಡೆ, ಪ್ರಶ್ನೋತ್ತರದ ಸ್ಪರ್ಧೆ ಒಂದು ಕಡೆ, ಹೆಡ್‌ಫೋನುಗಳನ್ನು ಧರಿಸಿ ಹೊರಗೆ ಸದ್ದಿಲ್ಲದಂತೆ ಕುಣಿಯುವ ಗುಂಪು ಇನ್ನೊಂದು ಕಡೆ. ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯವರು 2008ರಲ್ಲಿ ಹೊಸ ಕಟ್ಟಡವನ್ನು ತೆರೆದು, ಮರು ವರ್ಷವೇ ಗುರುವಾರದ ಸಂಜೆಗಳನ್ನು ಇಪ್ಪತ್ತೊಂದು ವರ್ಷ ತುಂಬಿದವರಿಗೆ ಮೀಸಲಿಟ್ಟರು. ಅದೇ ನಗರದ ಎಕ್ಸ್‌ಪ್ಲೋರೇಟೋರಿಯಂ ಎಂಬ ಪ್ರಸಿದ್ಧ ಸಂಸ್ಥೆಯೂ 2013ರಲ್ಲಿ ಸಮುದ್ರತೀರದ ಹೊಸ ಸ್ಥಳಕ್ಕೆ ಹೋದ ಮೇಲೆ ಗುರುವಾರದ ಸಂಜೆಗಳನ್ನು ವಯಸ್ಕರಿಗೇ ಬಿಟ್ಟುಕೊಟ್ಟಿತು. ಒಂದು ಊರಿನಲ್ಲಿ ಕಂಡ ಲಾಭ ಇನ್ನೊಂದು ಊರಿಗೆ ತಡವಾಗಿ ಮುಟ್ಟುವ ಕಾಲ ಇದಲ್ಲವಾದುದರಿಂದ ಈ ಪದ್ಧತಿ ಶೀಘ್ರವಾಗಿಯೇ ಹಬ್ಬಿತು.

ಇಂತಹ ಕೂಟಗಳಿಂದ ಒದಗಬಹುದಾದ ಅಪಾಯಕ್ಕೆ ಫಿಲಡೆಲ್ಫಿಯಾ ನಗರದಲ್ಲಿ ನಡೆದ ಒಂದು ಸಂಗತಿ ನಿದರ್ಶನವಾಗಿದೆ. ಬೆಂಜಮಿನ್ ಫ್ರಾಂಕ್ಲಿನನ ಹೆಸರಿನಲ್ಲಿ 1824ರಲ್ಲಿ ಸ್ಥಾಪಿತವಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ 2017ರ ಡಿಸೆಂಬರ್ 21ರ ರಾತ್ರಿ, ಸಂದರ್ಶನದ ವೇಳೆ ಮೀರಿದ ನಂತರ, ಕ್ರಿಸ್‌ಮಸ್ ಕಾಲದ ಒಂದು ವಿನೋದಕೂಟ ನಡೆದಿತ್ತು. ಆಗ ಅಲ್ಲಿ ಚೀನಾ ದೇಶದಿಂದ ಎರವಲು ತಂದ ಹತ್ತು ಮಣ್ಣಿನ ಯೋಧವಿಗ್ರಹಗಳು ಪ್ರದರ್ಶನದಲ್ಲಿದ್ದುವು. ಚೀನಾದ ಪ್ರಥಮ ಚಕ್ರವರ್ತಿಯ ಸಮಾಧಿಯ ಬಳಿ, ಬಾವಿ ತೋಡುತ್ತಿದ್ದ ರೈತರಿಗೆ 1974ರಲ್ಲಿ ದೊರೆತ ಆ ಲೋಕವಿಖ್ಯಾತ ಮಣ್ಣಿನ ಸೇನೆಯವೇ ಇವು. ಕೂಟಕ್ಕೆ ಬಂದಿದ್ದ ಯುವಕನೊಬ್ಬನು ಬೀಗವಿಲ್ಲದ ಬಾಗಿಲಿನ ಮೂಲಕ ಮುಚ್ಚಿದ್ದ ಆ ಪ್ರದರ್ಶನದೊಳಕ್ಕೆ ನುಗ್ಗಿ, ಫೋನಿನ ಬೆಳಕಿನಲ್ಲಿ ವಿಗ್ರಹಗಳನ್ನು ನೋಡಿ, ಒಬ್ಬ ಅಶ್ವಾರೋಹಿಯ ಹೆಗಲ ಮೇಲೆ ಕೈಹಾಕಿ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡನು. ಹೊರಡುವಾಗ ಆ ವಿಗ್ರಹದ ಎಡಗೈಯ ಹೆಬ್ಬೆರಳನ್ನು ಮುರಿದು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದನು. ಎರಡು ಸಾವಿರದ ಇನ್ನೂರು ವರ್ಷ ಹಳೆಯದಾದ ಕೈ ಒಂದು ರಾತ್ರಿಯ ವಿನೋದದಲ್ಲಿ ಊನವಾಯಿತು.

ಬೆರಳು ಇಲ್ಲದಿರುವುದು ಸಂಸ್ಥೆಯವರ ಕಣ್ಣಿಗೆ ಬಿದ್ದುದು 2018ರ ಜನವರಿ 8ರಂದು, ಅಂದರೆ ಹದಿನೆಂಟು ದಿನಗಳ ತರುವಾಯ. ಫೆಡರಲ್ ಪೋಲೀಸಿನವರು ಆ ಯುವಕನ ಮನೆಯನ್ನು ಹುಡುಕಿಕೊಂಡು ಹೋದಾಗ ಬೆರಳು ಅವನ ಮೇಜಿನ ಖಾನೆಯಲ್ಲಿತ್ತು. ಆ ವಿಗ್ರಹದ ಬೆಲೆಯನ್ನು 45 ಲಕ್ಷ ಡಾಲರುಗಳೆಂದು ಲೆಕ್ಕಹಾಕಿದ್ದರು. ಚೀನಾದ ಅಧಿಕಾರಿಗಳು ಉಗ್ರವಾಗಿ ಪ್ರತಿಭಟಿಸಿ ಕಠಿನ ಶಿಕ್ಷೆಯಾಗಬೇಕೆಂದು ಕೇಳಿದರು. ಆದರೆ 2019ರ ಏಪ್ರಿಲಿನಲ್ಲಿ ಮೊಕದ್ದಮೆ ನಡೆದಾಗ ಜ್ಯೂರಿಯವರಲ್ಲಿ ಒಮ್ಮತವುಂಟಾಗಲಿಲ್ಲ. ಸಂಗ್ರಹಾಲಯಗಳಿಂದ ಮಹತ್ತಾದ ಕಲಾವಸ್ತುಗಳನ್ನು ಕದಿಯುವ ಕಸಬಿನ ಕಳ್ಳರಿಗಾಗಿ ಮಾಡಿದ ಕಾನೂನನ್ನು ಕುಡಿದ ಹುಡುಗನೊಬ್ಬನ ಹುಚ್ಚಾಟಕ್ಕೆ ಹಚ್ಚಬಹುದೆ ಎಂಬುದು ಪ್ರತಿವಾದಿಯ ವಕೀಲರ ವಾದವಾಗಿತ್ತು. ಕಡೆಗೆ 2023ರಲ್ಲಿ ಅವನು ಲಘುವಾದ ಆರೋಪವೊಂದನ್ನು ಒಪ್ಪಿಕೊಂಡ ಮೇಲೆ ವ್ಯವಹಾರ ಮುಗಿಯಿತು.

ಆ ಯುವಕನ ತಪ್ಪು ತಪ್ಪೇ ಸರಿ. ಆದರೆ ಆ ರಾತ್ರಿ ಬಾಗಿಲಿಗೆ ಬೀಗ ಹಾಕದಿದ್ದವರಾರು? ನೂರಾರು ಜನರಿಗೆ ಪಾನೀಯವನ್ನು ಹಂಚುವ ಮನೆಯಲ್ಲಿ, ಪರದೇಶದವರು ನಂಬಿಕೆಯ ಮೇಲೆ ಕೊಟ್ಟ ನಿಕ್ಷೇಪದ ಮುಂದೆ ಕಾವಲನ್ನಿಡದಿದ್ದವರಾರು? ಮಾರನೆಯ ಬೆಳಿಗ್ಗೆ ವಿಗ್ರಹಗಳನ್ನು ಎಣಿಸಿ ನೋಡಬೇಕಾದವರು ಹದಿನೆಂಟು ದಿನ ಎಲ್ಲಿದ್ದರು? ಕೂಟವನ್ನು ಏರ್ಪಡಿಸಿದವರ ಮನಸ್ಸೆಲ್ಲ ಬಂದ ಅತಿಥಿಗಳ ಮೇಲಿತ್ತೇ ಹೊರತು ಮನೆಯೊಳಗಿನ ನಿಧಿಯ ಮೇಲಿರಲಿಲ್ಲ. ಸಂಜೆಕೂಟಗಳ ಮೇಲೆ ಹೊರಿಸಬಹುದಾದ ನಿಜವಾದ ಆಕ್ಷೇಪಣೆ ಇದು. ಜನರು ನಗುತ್ತಾರೆ, ಹಾಡುತ್ತಾರೆ, ಕುಣಿಯುತ್ತಾರೆ ಎಂಬುದರಲ್ಲಿ ದೋಷವೇನೂ ಇಲ್ಲ.

ಹಾಗೆಂದು, ರಾತ್ರಿಯ ಹೊತ್ತು ಬಾಗಿಲು ತೆರೆಯುವುದೇ ಅನರ್ಥವೆಂದು ತೀರ್ಮಾನಿಸತಕ್ಕುದಲ್ಲ. ಪೂರ್ವೇತಿಹಾಸವನ್ನು ಬಲ್ಲವರು ಹಾಗೆ ಹೇಳಲಾರರು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನವನ್ನು ನೋಡಲು ಅರುವತ್ತು ಲಕ್ಷ ಸಲ ಜನರು ಬಂದರು. ಷಿಲ್ಲಿಂಗು ತೆತ್ತು ಬಂದ ಕೂಲಿಕಾರರೂ ಅವರಲ್ಲಿ ಹೇರಳವಾಗಿದ್ದರು. ಆ ಪ್ರದರ್ಶನದ ಆವರಣದಲ್ಲಿ ಮದ್ಯ ಮಾರುವುದು ನಿಷಿದ್ಧವಾಗಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು. ಅದರಿಂದ ಉಳಿದ ಹಣದಲ್ಲಿ ಕೆನ್ಸಿಂಗ್ಟನ್ ಪ್ರದೇಶದ ಭೂಮಿಯನ್ನು ಕೊಂಡರು. ಅಲ್ಲಿ 1857ರ ಜೂನಿನಲ್ಲಿ ಸೌತ್ ಕೆನ್ಸಿಂಗ್ಟನ್ ಸಂಗ್ರಹಾಲಯವು ತೆರೆಯಿತು. ಅದರ ಮುಖ್ಯಾಧಿಕಾರಿಯಾದ ಹೆನ್ರಿ ಕೋಲ್ ಎಂಬಾತನು ಕಟ್ಟಡಕ್ಕೆ ಗ್ಯಾಸು ದೀಪಗಳನ್ನು ಹಾಕಿಸಿ, ವಾರದ ಕೆಲವು ದಿನ ರಾತ್ರಿಯವರೆಗೂ ತೆರೆದಿಡುವ ಕ್ರಮವನ್ನು ತಂದನು.

ಕೋಲನ ಉದ್ದೇಶ ಸ್ಪಷ್ಟವಾಗಿತ್ತು. ಹಗಲೆಲ್ಲ ದುಡಿಯುವವನಿಗೆ ಹಗಲು ಮಾತ್ರ ತೆರೆದಿರುವ ಸಂಗ್ರಹಾಲಯ ಇದ್ದರೂ ಇಲ್ಲದಂತೆಯೆ. ಮಬ್ಬು ಬೆಳಕಿನ ಇಕ್ಕಟ್ಟಾದ ಮನೆಯಿಂದ ಹೆಂಡತಿಯನ್ನೂ ಮಕ್ಕಳನ್ನೂ ಕೈಗೂಸನ್ನೂ ಕರೆದುಕೊಂಡು ಬಂದ ಕೂಲಿಕಾರನು ದೀಪಗಳಿಂದ ಜಗಜಗಿಸುವ ಶಾಲೆಗಳಲ್ಲಿ ಅಡ್ಡಾಡುವುದನ್ನು ಆತನು ಒಂದು ಉಪನ್ಯಾಸದಲ್ಲಿ ಸಂತೋಷದಿಂದ ವರ್ಣಿಸಿದ್ದಾನೆ. ಸಂಜೆ ತೆರೆದ ಸಂಗ್ರಹಾಲಯವು ಸೆರೆಯಂಗಡಿಗೆ ತಕ್ಕ ಪ್ರತಿವಿಷವಾದೀತೆಂಬುದು ಆತನ ನಂಬಿಕೆ. ಅದೇ ಸಂಸ್ಥೆಯು ಮುಂದೆ ಕವಲೊಡೆಯಿತು. ಕಲಾವಸ್ತುಗಳ ಭಾಗವು 1899ರಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯವೆಂಬ ಹೆಸರನ್ನು ಪಡೆಯಿತು. ವಿಜ್ಞಾನದ ಭಾಗವು 1909ರಲ್ಲಿ ಬೇರೆಯಾಗಿ ವಿಜ್ಞಾನ ಸಂಗ್ರಹಾಲಯವಾಯಿತು. ಸೆರೆಯಂಗಡಿಯಿಂದ ಜನರನ್ನು ಸೆಳೆಯಲು ರಾತ್ರಿ ಬಾಗಿಲು ತೆರೆದ ಮನೆಯ ಮಗಳೇ, ನೂರೈವತ್ತು ವರ್ಷಗಳ ಮೇಲೆ, ಜನರನ್ನು ಸೆಳೆಯಲು ಪಾನೀಯದ ಕಟ್ಟೆಯನ್ನು ಒಳಗೆ ಕರೆದುಕೊಂಡಳು. ಕಾಲದ ವೈಚಿತ್ರ್ಯಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಸತ್ಯಕ್ಕೆ ಅಪಚಾರವಾಗದಂತೆ ಇನ್ನೊಂದು ಮಾತನ್ನೂ ಹೇಳಬೇಕು. ಕೋಲನ ಕಾಲದ ಉಪಾಹಾರಗೃಹದಲ್ಲಿ ದ್ರಾಕ್ಷಾಮದ್ಯವೂ ಬೀರೂ ದೊರೆಯುತ್ತಿದ್ದುವು. ಅದರ ಮೇಲೆ ಟೀಕೆಯೂ ಬಂದಿತ್ತು. ಬರುವ ಜನಸಂಖ್ಯೆಯೊಡನೆ ಹೋಲಿಸಿದರೆ ಮಾರಾಟವಾಗುವ ಮದ್ಯ ತಲೆಗೆ ಕೆಲವೇ ತೊಟ್ಟುಗಳೆಂದು ಸಂಸ್ಥೆಯ ಪಕ್ಷದವರು ಲೆಕ್ಕ ಕೊಟ್ಟರು. ಆದುದರಿಂದ ಅಂದಿಗೂ ಇಂದಿಗೂ ಇರುವ ಭೇದ ಸೀಸೆಯ ಇರವು ಇಲ್ಲದಿರುವಿಕೆಗಳಲ್ಲಿಲ್ಲ. ಅಂದು ಜನರು ವಸ್ತುಗಳನ್ನು ನೋಡಲು ಬರುತ್ತಿದ್ದರು, ಬಾಯಾರಿದವರು ಕುಡಿಯುತ್ತಿದ್ದರು. ಇಂದಿನ ಕೆಲವು ಕೂಟಗಳಿಗೆ ಜನರು ಕುಡಿಯಲೂ ಕೂಡಲೂ ಬರುತ್ತಾರೆ, ಬಿಡುವಾದರೆ ವಸ್ತುಗಳನ್ನು ನೋಡುತ್ತಾರೆ. ಯಾವುದು ಪ್ರಧಾನ, ಯಾವುದು ಅಂಗವೆಂಬುದರ ಮೇಲೆ ಸಂಸ್ಥೆಯ ಗೌರವ ನಿಂತಿದೆ.

ಅಂದಿನವರು ವಸ್ತುಗಳ ಕ್ಷೇಮದ ವಿಷಯದಲ್ಲಿ ತೋರಿದ ಎಚ್ಚರವೂ ಗಮನಾರ್ಹವಾಗಿದೆ. ಗ್ಯಾಸಿನ ಹೊಗೆಯಿಂದ ಚಿತ್ರಪಟಗಳು ಕೆಡುವುವೆಂಬ ಭಯ ಹುಟ್ಟಿದಾಗ ಫ್ಯಾರಡೆ, ಟಿಂಡಲ್ ಮೊದಲಾದ ಹೆಸರಾಂತ ವಿಜ್ಞಾನಿಗಳಿದ್ದ ಒಂದು ಸಮಿತಿಯಿಂದ ಪರೀಕ್ಷೆ ಮಾಡಿಸಿ, 1859ರಲ್ಲಿ ಅವರ ವರದಿಯನ್ನು ಪಡೆದರು. ದೀಪಗಳನ್ನು ಸರಿಯಾದ ಎತ್ತರದಲ್ಲಿಟ್ಟು ಗಾಳಿ ಆಡುವಂತೆ ಮಾಡಿದರೆ ಗ್ಯಾಸನ್ನು ಬಳಸಲು ಅಡ್ಡಿಯಿಲ್ಲವೆಂದು ಅವರು ಅಭಿಪ್ರಾಯಪಟ್ಟರು. ಬ್ರಿಟಿಷ್ ಮ್ಯೂಜಿಯಮ್ಮಿನವರಾದರೋ ಬೆಂಕಿಯ ಭಯದಿಂದ ಗ್ಯಾಸನ್ನು ಹತ್ತಿರಕ್ಕೇ ಸೇರಿಸಲಿಲ್ಲ. 1879ರಲ್ಲಿ ಅವರ ವಾಚನಶಾಲೆಗೆ ವಿದ್ಯುದ್ದೀಪ ಬಂತು. 1890ರಲ್ಲಿ ಪ್ರದರ್ಶನಶಾಲೆಗಳೂ ಸಂಜೆ ತೆರೆದುವು. ಲಂಡನ್ನಿನ ರಾಷ್ಟ್ರೀಯ ಸಂಗ್ರಹಾಲಯಗಳು ಭಾನುವಾರ ತೆರೆಯುವುದಕ್ಕೆ ಮತಧರ್ಮದ ಕಟ್ಟುನಿಟ್ಟಿನ ಜನರು ಬಹುಕಾಲ ಅಡ್ಡಬಂದುದರಿಂದ ಆ ಹಕ್ಕು ದುಡಿಯುವ ಜನಕ್ಕೆ 1896ರವರೆಗೆ ಲಭಿಸಲಿಲ್ಲ. ಬಿಡುವಿನ ವೇಳೆಯಲ್ಲಿ ಸಂಗ್ರಹಾಲಯವನ್ನು ನೋಡುವ ಹಕ್ಕನ್ನು ಜನರು ನಾಲ್ಕು ದಶಕಗಳ ಹೋರಾಟದಿಂದ ಪಡೆದುಕೊಂಡರೆಂಬುದನ್ನು ಸಂಜೆಕೂಟಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಮರೆಯಬಾರದು.

ಮಕ್ಕಳನ್ನು ಹೊರಗಿಡುವುದು ಏತಕ್ಕೆ? ಇದಕ್ಕೆ ಒಂದು ಒಳ್ಳೆಯ ಕಾರಣವೂ ಒಂದು ಸಾಮಾನ್ಯ ಕಾರಣವೂ ಉಂಟು. ಒಳ್ಳೆಯ ಕಾರಣವನ್ನು ಮೊದಲು ಹೇಳುವೆವು. ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನ ಸಂಗ್ರಹಾಲಯಗಳು ಕ್ರಮೇಣ ಶಾಲೆಯ ಮಕ್ಕಳ ಸೊತ್ತಾಗಿಬಿಟ್ಟುವು. ಭೌತವಿಜ್ಞಾನಿ ಫ್ರಾಂಕ್ ಆಪನ್‌ಹೈಮರ್ 1969ರಲ್ಲಿ ಎಕ್ಸ್‌ಪ್ಲೋರೇಟೋರಿಯಮ್ಮನ್ನು ಸ್ಥಾಪಿಸಿದಾಗ, ಯಂತ್ರಗಳನ್ನು ಕೈಯಿಂದ ಮುಟ್ಟಿ, ತಿರುಗಿಸಿ, ತಾವೇ ಪ್ರಯೋಗ ಮಾಡಿ ಕಲಿಯುವ ಅವಕಾಶ ಎಲ್ಲ ವಯಸ್ಸಿನವರಿಗೂ ಇರಬೇಕೆಂದು ಎಣಿಸಿದ್ದನು. ಆದರೆ ಲೋಕವ್ಯವಹಾರದಲ್ಲಿ ಹಾಗಾಗಲಿಲ್ಲ. ದೊಡ್ಡವರು ಮಕ್ಕಳ ಕೈಚೀಲಗಳನ್ನು ಹಿಡಿದು ಗೋಡೆಗೆ ಒರಗಿ ನಿಲ್ಲುವ ಕಾವಲುಗಾರರಾದರು. ತಮಗೆ ತಿಳಿಯದುದನ್ನು ಮಕ್ಕಳೆದುರಿಗೆ ಕೇಳಲು ನಾಚಿಕೆ. ಮಗುವಿನ ಕೈಯಿಂದ ಯಂತ್ರವನ್ನು ಕಸಿದುಕೊಳ್ಳಲು ಸಂಕೋಚ. ವಯಸ್ಕರಿಗೆಂದೇ ಒಂದು ಸಂಜೆಯನ್ನು ಬಿಟ್ಟಾಗ ಈ ಎರಡೂ ತೊಲಗುತ್ತವೆ. ರೋಗ, ಮರಣ, ಮಾದಕದ್ರವ್ಯ, ಸಂತಾನೋತ್ಪತ್ತಿ ಮೊದಲಾದ, ಮಕ್ಕಳ ಮುಂದೆ ಬಿಚ್ಚಿ ಮಾತನಾಡಲಾಗದ ವಿಷಯಗಳನ್ನು ವಿಜ್ಞಾನಿಗಳೊಡನೆ ನೇರವಾಗಿ ಚರ್ಚಿಸುವುದಕ್ಕೂ ಆಸ್ಪದವಾಗುತ್ತದೆ. ಶಾಲೆ ಬಿಟ್ಟ ದಿನವೇ ವಿದ್ಯೆ ಮುಗಿಯಿತೆಂಬ ಭ್ರಾಂತಿಯನ್ನು ಕಳೆಯುವ ಯಾವ ಏರ್ಪಾಡಾದರೂ ಶ್ಲಾಘ್ಯವೇ.

ಸಾಮಾನ್ಯ ಕಾರಣ ಹಣ. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಪ್ರವೇಶಶುಲ್ಕವನ್ನು ವಿಧಿಸಿದ್ದ ರಾಷ್ಟ್ರೀಯ ಸಂಗ್ರಹಾಲಯಗಳು 2001ರ ಡಿಸೆಂಬರಿನಿಂದ ಎಲ್ಲರಿಗೂ ಉಚಿತವಾದುವು. ಇದು ಪ್ರಶಂಸನೀಯವಾದ ಕಾರ್ಯ. ಆದರೆ 2010ರ ತರುವಾಯ ಸರ್ಕಾರವು ತನ್ನ ಸಹಾಯದ್ರವ್ಯವನ್ನು ಕುಗ್ಗಿಸಿತು. ಬಾಗಿಲಲ್ಲಿ ಹಣ ಕೇಳುವಂತಿಲ್ಲ, ಬೊಕ್ಕಸದಿಂದ ಮೊದಲಿನಷ್ಟು ಬರುವಂತಿಲ್ಲ. ಹೀಗಾದಾಗ ಉಪಾಹಾರ, ಪಾನೀಯ, ವಿಶೇಷ ಪ್ರದರ್ಶನಗಳ ಟಿಕೆಟ್ಟು, ಕೂಟಗಳ ಬಾಡಿಗೆ ಇವುಗಳ ಕಡೆಗೆ ಆಡಳಿತದವರ ದೃಷ್ಟಿ ಹರಿಯುವುದು ಸಹಜ. ಅಮೆರಿಕಾದ ಬಹುಪಾಲು ಸಂಸ್ಥೆಗಳಂತೂ ಟಿಕೆಟ್ಟು ಮತ್ತು ದಾನಗಳಿಂದಲೇ ಬದುಕತಕ್ಕವು. ಹಣ ಸಂಪಾದಿಸುವುದು ಪಾಪವಲ್ಲ. ಆದರೆ ಹಣಕ್ಕಾಗಿ ನಡೆಯುವ ಕಾರ್ಯಕ್ಕೆ ವಿದ್ಯೆಯ ಹೆಸರನ್ನಿಡುವುದರಿಂದ ಎರಡಕ್ಕೂ ನಷ್ಟ.

ಲಂಡನ್ನಿನ ಮೃಗಾಲಯದವರಿಗೆ ಈ ಪಾಠ ಕಹಿಯಾಗಿಯೇ ತಿಳಿಯಿತು. ಬೇಸಗೆಯ ಶುಕ್ರವಾರಗಳ ಸಂಜೆ ವಯಸ್ಕರಿಗೆಂದು ಅವರು ನಡೆಸುತ್ತಿದ್ದ ಕೂಟಗಳಲ್ಲಿ, ಕುಡಿದವನೊಬ್ಬನು ಹುಲಿಯ ಮೇಲೆ ಬೀರನ್ನು ಸುರಿದನೆಂದೂ, ಇನ್ನೊಬ್ಬನು ಬಟ್ಟೆ ಕಳಚಿ ಪೆಂಗ್ವಿನ್ ಪಕ್ಷಿಗಳ ಕೊಳಕ್ಕೆ ಇಳಿಯಲೆತ್ನಿಸಿದನೆಂದೂ 2014ರಲ್ಲಿ ಪತ್ರಿಕೆಗಳಲ್ಲಿ ವರದಿಗಳು ಬಂದುವು. ಸಾರ್ವಜನಿಕರು ಸಿಟ್ಟಾದರು, ನಗರಸಭೆಯು ವಿಚಾರಣೆಗೆ ತೊಡಗಿತು. ಆ ಕ್ರಮವನ್ನು ಕೈಬಿಟ್ಟು, 2015ರಲ್ಲಿ ಮಕ್ಕಳೂ ಬರಬಹುದಾದ ಬೇರೆ ಬಗೆಯ ಸಂಜೆಗಳನ್ನು ಮೃಗಾಲಯದವರು ಏರ್ಪಡಿಸಿದರು. ಮೂಕಪ್ರಾಣಿಯೂ ಮಣ್ಣಿನ ವಿಗ್ರಹವೂ ತಮ್ಮ ಪರವಾಗಿ ತಾವು ಮಾತನಾಡಲಾರವು. ಅವನ್ನು ಕಾಯತಕ್ಕವರ ವಿವೇಕವೊಂದೇ ಅವಕ್ಕೆ ರಕ್ಷೆ.

ಮಕ್ಕಳನ್ನು ಬಿಟ್ಟೇ ರಾತ್ರಿ ಬಾಗಿಲು ತೆರೆಯಬೇಕೆಂಬ ನಿಯಮವೇನೂ ಇಲ್ಲವೆಂಬುದನ್ನು ಬರ್ಲಿನ್ ನಗರ ತೋರಿಸಿಕೊಟ್ಟಿದೆ. ಅಲ್ಲಿ 1997ರಲ್ಲಿ ಮೊದಲ ಸಲ ಊರಿನ ಹಲವು ಸಂಗ್ರಹಾಲಯಗಳು ಒಟ್ಟುಗೂಡಿ ಒಂದು ಇಡೀ ರಾತ್ರಿ ಬಾಗಿಲು ತೆರೆದು ಜನರನ್ನು ಕರೆದುವು. ಅದನ್ನು ನೋಡಿ ಯುರೋಪಿನ ಅನೇಕ ನಗರಗಳು ಅನುಸರಿಸಿದುವು; 2005ರಿಂದ ಮೇ ತಿಂಗಳ ಒಂದು ಶನಿವಾರ ಸಂಗ್ರಹಾಲಯಗಳ ರಾತ್ರಿಯೆಂದು ಆ ಖಂಡದಲ್ಲಿ ಆಚರಣೆಗೆ ಬಂತು. ಅಲ್ಲಿ ಅಜ್ಜನೂ ಮೊಮ್ಮಗನೂ ಒಟ್ಟಿಗೆ ನಡೆಯುತ್ತಾರೆ. ಕೋಲನು ಕಂಡು ಹಿಗ್ಗಿದ ಆ ಕೂಲಿಕಾರನು ಹೆಂಡತಿಮಕ್ಕಳೊಡನೆ ಬಂದವನೆಂಬುದನ್ನು ಇಲ್ಲಿ ಮರೆಯಲಾಗದು. ಮಗುವನ್ನು ಮನೆಯಲ್ಲಿ ಬಿಟ್ಟುಬರಲು ದಾದಿಯನ್ನಿಡಬಲ್ಲವರಿಗೆ ವಯಸ್ಕರ ಸಂಜೆ ಸುಲಭ. ಅದಕ್ಕೆ ಗತಿಯಿಲ್ಲದವನಿಗೆ ಅದು ಮುಚ್ಚಿದ ಬಾಗಿಲೇ. ಆದುದರಿಂದ ವಾರದ ಒಂದು ಸಂಜೆಯನ್ನು ವಯಸ್ಕರಿಗೆ ಕೊಡುವ ಸಂಸ್ಥೆ ಇನ್ನೊಂದು ಸಂಜೆಯನ್ನು ಸಂಸಾರಸ್ಥರಿಗೆ ಕೊಡುವುದು ನ್ಯಾಯ.

ಇಷ್ಟನ್ನು ವಿಚಾರಿಸಿದ ಮೇಲೆ ಮೂರು ನಿಬಂಧನೆಗಳು ನಮಗೆ ಯುಕ್ತವಾಗಿ ತೋರುತ್ತವೆ. ಮೊದಲನೆಯದು, ಸಂಜೆಯ ವಿಷಯವು ಸಂಗ್ರಹದಿಂದಲೇ ಹುಟ್ಟಬೇಕು. ಯಾವ ಛತ್ರದಲ್ಲಾದರೂ ನಡೆಸಬಹುದಾದ ವಿನೋದಕ್ಕೆ ಪ್ರಾಚೀನ ವಸ್ತುಗಳನ್ನು ಹಿನ್ನೆಲೆಯ ಪರದೆಯಾಗಿ ಬಳಸಬಾರದು. ಎರಡನೆಯದು, ಕಾವಲು ಹಗಲಿಗಿಂತ ರಾತ್ರಿ ಹೆಚ್ಚಾಗಿರಬೇಕು. ತೆರೆಯದ ಶಾಲೆಗೆ ಬೀಗವೂ, ಮಾರನೆಯ ಬೆಳಿಗ್ಗೆ ಪ್ರತಿಯೊಂದು ವಸ್ತುವಿನ ತನಿಖೆಯೂ ತಪ್ಪಬಾರದು. ಪಾನೀಯಕ್ಕೆ ಅವಕಾಶವಿರುವ ಕಡೆ ಅದು ವಸ್ತುಗಳಿರುವ ಶಾಲೆಗಳಿಂದ ದೂರವಿರಬೇಕು. ಮೂರನೆಯದು, ಶುಲ್ಕವು ಸಾಮಾನ್ಯ ಗುಮಾಸ್ತನ ಕೈಗೆ ಎಟುಕುವಂತಿರಬೇಕು. ಇಲ್ಲವಾದರೆ ಸಾರ್ವಜನಿಕ ಆಸ್ತಿಯು ರಾತ್ರಿಯ ಹೊತ್ತು ಕೆಲವೇ ಸಿರಿವಂತರ ಬೈಠಕ್‌ಖಾನೆಯಾಗುತ್ತದೆ.

ಇನ್ನು ನಮ್ಮ ನಾಡಿನ ಮಾತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ, ಅಂದರೆ ಕೋಲನು ಗ್ಯಾಸು ದೀಪ ಹಚ್ಚಿದ ಎಂಟು ವರ್ಷಗಳಲ್ಲೇ, ಸ್ಥಾಪಿತವಾಯಿತು. ವಿಶ್ವೇಶ್ವರಯ್ಯನವರ ಹೆಸರಿನ ಔದ್ಯೋಗಿಕ ಹಾಗೂ ತಾಂತ್ರಿಕ ಸಂಗ್ರಹಾಲಯವು 1960ರ ದಶಕದಿಂದ ಲಕ್ಷಾಂತರ ವಿದ್ಯಾರ್ಥಿಗಳಿಗೆ ಉಪಕಾರ ಮಾಡಿದೆ. ಆದರೆ ನಮ್ಮಲ್ಲಿ ಸರ್ಕಾರಿ ಸಂಗ್ರಹಾಲಯಗಳು ಸಾಮಾನ್ಯವಾಗಿ ಕಚೇರಿಗಳು ಮುಚ್ಚುವ ಹೊತ್ತಿಗೇ ಮುಚ್ಚತಕ್ಕವು. ಕಚೇರಿಯ ಗುಮಾಸ್ತನೂ ಕಾರ್ಖಾನೆಯ ಕೆಲಸಗಾರನೂ ಅಂಗಡಿಯ ಆಳೂ ಕೆಲಸ ಮುಗಿಸಿ ಬರುವಷ್ಟರಲ್ಲಿ ಕಾವಲುಗಾರನು ಬೀಗದ ಕೈಯನ್ನು ತಿರುಗಿಸುತ್ತಿರುತ್ತಾನೆ. ಮೈಸೂರಿನ ಅರಮನೆಗೆ ಭಾನುವಾರದ ಸಂಜೆ ಸುಮಾರು ಒಂದು ಲಕ್ಷ ದೀಪಗಳನ್ನು ಹಚ್ಚುವ ಪದ್ಧತಿಯುಂಟು. ಜನರು ಅಂಗಳದಲ್ಲಿ ನಿಂತು ಕಣ್ತುಂಬ ನೋಡುತ್ತಾರೆ. ಒಳಗಿನ ದರ್ಬಾರು ಶಾಲೆಗಳಿಗೆ ಮಾತ್ರ ಅಷ್ಟು ಹೊತ್ತಿಗೆ ಬೀಗ ಬಿದ್ದಿರುತ್ತದೆ.

ಸಂಜೆಯ ಹೊತ್ತು ನೋಡಲು ಬರುವ ಜನರು ನಮ್ಮಲ್ಲಿಲ್ಲವೆಂದು ಯಾರೂ ಹೇಳುವಂತಿಲ್ಲ. ದಸರಾ ವಸ್ತುಪ್ರದರ್ಶನಕ್ಕೆ ದೀಪ ಹೊತ್ತಿದ ಮೇಲೆಯೇ ಜನಸಂದಣಿ. 2018ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ 9 ಗಂಟೆಯವರೆಗೆ ತೆರೆದಿಡಬೇಕೆಂದು ಆಜ್ಞೆ ಹೊರಡಿಸಿದಾಗ, ಆ ಹತ್ತರಲ್ಲಿ ಎರಡು, ಪಟ್ಟದಕಲ್ಲಿನ ದೇವಾಲಯಗಳು ಮತ್ತು ವಿಜಯಪುರದ ಗೋಲ ಗುಮ್ಮಟ, ನಮ್ಮ ನಾಡಿನವಾಗಿದ್ದುವು. ಸ್ಮಾರಕಗಳಿಗೆ ಸಲ್ಲುವ ನ್ಯಾಯ ಸಂಗ್ರಹಾಲಯಗಳಿಗೆ ಏಕೆ ಸಲ್ಲಬಾರದು? ವಾರಕ್ಕೊಂದು ಸಂಜೆ, ಒಂಬತ್ತು ಗಂಟೆಯವರೆಗೆ, ಒಬ್ಬ ವಿದ್ವಾಂಸರ ಉಪನ್ಯಾಸದೊಡನೆ ಬಾಗಿಲು ತೆರೆಯುವುದಕ್ಕೆ ಬೇಕಾದುದು ಕೆಲವು ದೀಪಗಳು, ಕೆಲವು ಕಾವಲುಗಾರರು, ಮತ್ತು ಅಧಿಕಾರಿಗಳ ಸ್ವಲ್ಪ ಉತ್ಸಾಹ. ಹಲ್ಮಿಡಿಯ ಶಾಸನವನ್ನು ಕುರಿತು ಶಾಸನತಜ್ಞರೊಬ್ಬರು ಸಂಜೆ ಎರಡು ಗಂಟೆ ಮಾತನಾಡಿದರೆ ಕೇಳುವವರು ಬೆಂಗಳೂರಿನಲ್ಲಿ ಇಲ್ಲವೆಂದು ನಂಬಲು ನಾವು ಸಿದ್ಧರಿಲ್ಲ. ಮದ್ಯದ ಆಕರ್ಷಣೆ ಅದಕ್ಕೆ ಬೇಕಾಗಿಲ್ಲ.

ಪರದೇಶದವರ ಪದ್ಧತಿಗಳನ್ನು ಪೂರ್ಣವಾಗಿ ಅನುಕರಿಸುವುದೂ ಪೂರ್ಣವಾಗಿ ತಿರಸ್ಕರಿಸುವುದೂ ಆಲಸ್ಯದ ಎರಡು ಮುಖಗಳು. ಲಂಡನ್ನಿನಿಂದ ನಾವು ದೀಪವನ್ನು ತರೋಣ. ಫಿಲಡೆಲ್ಫಿಯಾದಿಂದ ಬೀಗದ ಪಾಠವನ್ನು ಕಲಿಯೋಣ. ಸಂಬಂಧಪಟ್ಟ ಇಲಾಖೆಯವರು ಮುಂದಿನ ಆಯವ್ಯಯದ ಪಟ್ಟಿಯನ್ನು ಸಿದ್ಧಪಡಿಸುವಾಗ ಈ ಅಲ್ಪವೆಚ್ಚದ, ಬಹುಫಲದ ಏರ್ಪಾಡನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕಾಗಿ ಕೋರುತ್ತೇವೆ.